ಆ ಏಟಿಗೆ ಪೆನಾಲ್ಟಿ ಇರಲಿಲ್ಲ

2000ದ ಮೇ 26. ಅಮೆರಿಕದ ಐಸ್ ಹಾಕಿ ತಂಡಗಳಾದ ಫಿಲಡೆಲ್ಫಿಯಾ ಫ್ಲೈಯರ್ಸ್ ಮತ್ತು ನ್ಯೂಜೆರ್ಸಿ ಡೆವಿಲ್ಸ್ ನಡುವಿನ ಸರಣಿಯ ಏಳನೇ ಪಂದ್ಯ. ಗೆದ್ದವರು ಸ್ಟ್ಯಾನ್ಲಿ ಕಪ್ ಫೈನಲ್‌ಗೆ, ಸೋತವರು ಮನೆಗೆ. ಪಂದ್ಯ ಶುರುವಾಗಿ ಎಂಟು ನಿಮಿಷವೂ ಆಗಿರಲಿಲ್ಲ. ಫ್ಲೈಯರ್ಸ್‌ನ ಎರಿಕ್ ಲಿಂಡ್ರೋಸ್ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತಗೊಂಡು ಎದುರಾಳಿಯ ನೀಲಿ ಗೆರೆ ದಾಟಿದರು. ತಲೆ ತಗ್ಗಿತ್ತು, ಕಣ್ಣು ಪಕ್ ಮೇಲಿತ್ತು. ಎದುರಿನಿಂದ ಡೆವಿಲ್ಸ್‌ನ ಸ್ಕಾಟ್ ಸ್ಟೀವನ್ಸ್ ಬಂದರು. ಅವರ ಭುಜ ಲಿಂಡ್ರೋಸ್ ದವಡೆಗೆ ಬಡಿಯಿತು. ಲಿಂಡ್ರೋಸ್ ಮಂಜುಗಡ್ಡೆಯ ಮೇಲೆ ಬಿದ್ದರು. ಕಾಲು ಮಡಚಿಕೊಂಡು ಹಾಗೇ ಮಲಗಿಬಿಟ್ಟರು.

ರೆಫರಿ ಸೀಟಿ ಊದಿದ್ದು ಆಟ ನಿಲ್ಲಿಸೋದಕ್ಕೆ ಮಾತ್ರ. ಸ್ಟೀವನ್ಸ್‌ಗೆ ಪೆನಾಲ್ಟಿ ಕೊಡಲಿಲ್ಲ. ಆಗಿನ ನಿಯಮದಲ್ಲಿ ಅದು ಶುದ್ಧವಾದ ಏಟು. ಡೆವಿಲ್ಸ್ 2-1ರಿಂದ ಗೆದ್ದರು, ಮುಂದೆ ಕಪ್ ಕೂಡ ಗೆದ್ದರು. ಆ ವರ್ಷದ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಅನ್ನುವ ಪ್ರಶಸ್ತಿ ಸ್ಟೀವನ್ಸ್‌ಗೆ ಸಿಕ್ಕಿತು. ಲಿಂಡ್ರೋಸ್‌ಗೆ ಆಗ 27 ವರ್ಷ. ಎರಡು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಅವಧಿಯಲ್ಲಿ ಅವರ ತಲೆಗೆ ಆದ ಆರನೇ ಕನ್ಕಷನ್ (ಪೆಟ್ಟಿಗೆ ಮೆದುಳು ಅಲುಗಿ ಆಗುವ ಗಾಯ) ಅದು.

ಈ ದೃಶ್ಯದ ವಿಡಿಯೊ ಇವತ್ತಿಗೂ ಓಡಾಡುತ್ತದೆ. ಲಿಂಡ್ರೋಸ್ ಕಥೆ ಇಲ್ಲಿಗೆ ಮುಗಿಯಿತು ಅಂತ ಬಹಳ ಜನ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಒಂದು ಏಟಿಗಿಂತ, ಅದಕ್ಕೆ ಮುಂಚಿನ ಪ್ರತಿ ಏಟಿನ ಮಾರನೇ ದಿನ ಏನಾಯಿತು ಅನ್ನೋದು ಮುಖ್ಯ. ಈ ಆಟಗಾರ ಮತ್ತೆ ಆಡಬಹುದು ಅಂತ ಹೇಳಿದವರು ಯಾರು? ಅವರಿಗೆ ಅದರಿಂದ ಏನು ಲಾಭವಿತ್ತು? ಐಸ್ ಹಾಕಿಯಲ್ಲಿ ಇವತ್ತು ನಡೆಯುತ್ತಿರುವ ದೊಡ್ಡ ಜಗಳದ ಬೇರು ಇರುವುದು ಈ ಪ್ರಶ್ನೆಯಲ್ಲೇ.

ಹಾಕಿ ಅಂದರೆ ನಮಗೆ ಕೊಡಗಿನ ಹುಲ್ಲಿನ ಮೈದಾನ ನೆನಪಾಗುತ್ತದೆ, ಅಲ್ವಾ? ಅಲ್ಲಿ ಮೈಗೆ ಮೈ ಗುದ್ದಿದರೆ ಅದು ತಪ್ಪು. ಐಸ್ ಹಾಕಿಯಲ್ಲಿ ಗುದ್ದುವುದೇ ಒಂದು ಕಲೆ. ಪಕ್ ಇಟ್ಟುಕೊಂಡವನನ್ನು ಭುಜದಿಂದ, ಸೊಂಟದಿಂದ ಢಿಕ್ಕಿ ಹೊಡೆದು ಬೀಳಿಸಬಹುದು. ಇದಕ್ಕೆ ಬಾಡಿ ಚೆಕ್ ಅನ್ನುತ್ತಾರೆ. ಸುತ್ತ ಗಟ್ಟಿ ಗೋಡೆ, ಕೆಳಗೆ ಮಂಜುಗಡ್ಡೆ. ಓಡುವುದಕ್ಕಿಂತ ಎಷ್ಟೋ ವೇಗವಾಗಿ ಜಾರಿಕೊಂಡು ಬರುವ ಇಬ್ಬರು ದೊಡ್ಡ ಗಂಡಸರು. ಕೈಕೈ ಮಿಲಾಯಿಸಿದರೂ ಆಟಗಾರನನ್ನು ಮನೆಗೆ ಕಳಿಸುವುದಿಲ್ಲ, ಸಾಮಾನ್ಯವಾಗಿ ಐದು ನಿಮಿಷ ಹೊರಗೆ ಕೂರಿಸುತ್ತಾರೆ, ಅಷ್ಟೇ.

ಈ ಆಟಕ್ಕಾಗಿಯೇ ಹುಟ್ಟಿದವರು ಅನ್ನುವ ಹಾಗಿದ್ದರು ಲಿಂಡ್ರೋಸ್. 1973ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದ ಲಂಡನ್ ಊರಿನಲ್ಲಿ ಹುಟ್ಟಿದರು. 6 ಅಡಿ 4 ಇಂಚು ಎತ್ತರ, ನೂರು ಕಿಲೋ ದಾಟಿದ ಮೈ. ಆ ಗಾತ್ರದವರು ಸಾಮಾನ್ಯವಾಗಿ ಗುದ್ದಾಡಲು ಮಾತ್ರ ಲಾಯಕ್ಕು ಅನ್ನುವ ಲೆಕ್ಕವಿತ್ತು. ಇವರು ಗುದ್ದುತ್ತಿದ್ದರು, ಚಿಕ್ಕ ಮೈಯವರ ಹಾಗೆ ನಾಜೂಕಾಗಿ ಪಾಸ್ ಕೊಡುತ್ತಿದ್ದರು, ಗೋಲೂ ಹೊಡೆಯುತ್ತಿದ್ದರು. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡುವ ಮೊದಲೇ, 18ನೇ ವಯಸ್ಸಿಗೆ, 1991ರ ಕೆನಡಾ ಕಪ್‌ನಲ್ಲಿ ದೇಶದ ತಂಡಕ್ಕೆ ಆಡಿದರು.

ಅವರ ಇನ್ನೊಂದು ಗುಣ ಹಾಕಿ ಜಗತ್ತಿಗೆ ಹಿಡಿಸಲಿಲ್ಲ. ಎಲ್ಲಿ ಆಡಬೇಕು ಅನ್ನೋದನ್ನು ತಾವೇ ತೀರ್ಮಾನಿಸುತ್ತಿದ್ದರು. ಆ ಆಟದಲ್ಲಿ ಹೊಸ ಹುಡುಗರನ್ನು ತಂಡಗಳು ಡ್ರಾಫ್ಟ್‌ನಲ್ಲಿ ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಹುಡುಗ ಬಾಯಿ ಮುಚ್ಚಿಕೊಂಡು ಹೋಗಬೇಕು. ಜೂನಿಯರ್ ಮಟ್ಟದಲ್ಲಿ ಸೂ ಸೇಂಟ್ ಮರಿ ತಂಡ ಆರಿಸಿದಾಗ ಲಿಂಡ್ರೋಸ್ ಹೋಗಲಿಲ್ಲ. ಓಶಾವಾ ತಂಡಕ್ಕೆ ಹೋಗಿ 1990ರಲ್ಲಿ ಅದಕ್ಕೆ ಮೆಮೋರಿಯಲ್ ಕಪ್ ಗೆದ್ದುಕೊಟ್ಟರು. 1991ರಲ್ಲಿ ಎನ್‌ಎಚ್‌ಎಲ್‌ನ ಕ್ವಿಬೆಕ್ ನಾರ್ಡಿಕ್ಸ್ ಇಡೀ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಇವರನ್ನೇ ಆರಿಸಿತು. ಅಲ್ಲಿಗೂ ಹೋಗಲ್ಲ ಅಂದರು. ಒಂದು ವರ್ಷ ಹಟ ಹಿಡಿದು ಕೂತರು.

ಕೊನೆಗೆ 1992ರಲ್ಲಿ ಕ್ವಿಬೆಕ್ ಅವರನ್ನು ಬಿಟ್ಟುಕೊಡಲು ಒಪ್ಪಿತು. ಎಷ್ಟು ಗೊಂದಲ ಆಯಿತು ಅಂದರೆ ಒಂದೇ ಆಟಗಾರನಿಗೆ ಫಿಲಡೆಲ್ಫಿಯಾ, ನ್ಯೂಯಾರ್ಕ್ ರೇಂಜರ್ಸ್ ಎರಡೂ ತಂಡ ನಮ್ಮವನು ಅಂದವು. ಪಂಚಾಯಿತಿಗೆ ಮಧ್ಯಸ್ಥರೊಬ್ಬರನ್ನು ಕೂರಿಸಬೇಕಾಯಿತು. ಅವರು ಫಿಲಡೆಲ್ಫಿಯಾ ಕಡೆ ತೀರ್ಪು ಕೊಟ್ಟರು. ಒಬ್ಬ ಹುಡುಗನಿಗೆ ಫ್ಲೈಯರ್ಸ್ ತೆತ್ತ ಬೆಲೆ: 1.5 ಕೋಟಿ ಡಾಲರ್, ಮುಂದಿನ ಡ್ರಾಫ್ಟ್‌ಗಳ ಸರದಿ, ಮೇಲೆ ಒಂದು ಗುಂಪು ಆಟಗಾರರು. ಅದರಲ್ಲಿ ಸ್ವೀಡನ್ನಿನ ಪೀಟರ್ ಫೋರ್ಸ್‌ಬರ್ಗ್ ಇದ್ದರು. ಕ್ರಿಸ್ ಸೈಮನ್ ಅನ್ನುವ ಯುವಕನೂ ಇದ್ದರು. ಸೈಮನ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಲಿಂಡ್ರೋಸ್ ಮೊದಲ ಸಲ ಕ್ವಿಬೆಕ್‌ನಲ್ಲಿ ಆಡಿದ ದಿನ ಪ್ರೇಕ್ಷಕರು ಮಕ್ಕಳ ಬಾಯಿಗಿಡುವ ನಿಪ್ಪಲ್‌ಗಳನ್ನು ರಿಂಕ್ ಒಳಗೆ ಎಸೆದರು.

ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಮುಂದೆ ಇದೇ ಮನುಷ್ಯ ‘ನನ್ನ ತಲೆ ಸರಿ ಇಲ್ಲ’ ಅಂದಾಗ ಜನರಿಗೆ ಇದೇ ನೆನಪಾಯಿತು. ಹಟಮಾರಿ, ದೂರು ಹೇಳುವವನು, ಅಪ್ಪ ಅಮ್ಮನ ಮಾತು ಕೇಳುವ ಮಗು ಅನ್ನುವ ಹಣೆಪಟ್ಟಿ ಮೊದಲೇ ಅಂಟಿತ್ತು.

ಆಟದಲ್ಲಿ ಮಾತ್ರ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. 1995ರ ಚಿಕ್ಕ ಸೀಸನ್ನಿನಲ್ಲಿ 46 ಪಂದ್ಯಗಳಿಗೆ 70 ಪಾಯಿಂಟ್ ಗಳಿಸಿ, ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಪಡೆದರು. ಗೋಲಿಗೊಂದು, ಗೋಲಿಗೆ ನೆರವಾದ ಪಾಸಿಗೊಂದು ಪಾಯಿಂಟ್, ಇದು ಅಲ್ಲಿನ ಲೆಕ್ಕ. ಜಾನ್ ಲೆಕ್ಲೇರ್, ಮಿಕೇಲ್ ರೆನ್‌ಬರ್ಗ್ ಜೊತೆ ಸೇರಿದ ಅವರ ಮೂವರ ದಂಡು ಎದುರಾಳಿಗಳಿಗೆ ದುಃಸ್ವಪ್ನವಾಗಿತ್ತು. 1997ರಲ್ಲಿ ತಂಡವನ್ನು ಫೈನಲ್‌ಗೆ ಮುಟ್ಟಿಸಿದರು. ಡೆಟ್ರಾಯಿಟ್ ಎದುರು ನಾಲ್ಕೂ ಪಂದ್ಯ ಸೋತರು. ಆಮೇಲೆ ಅವರಿಗೆ ಅಂಥ ಅವಕಾಶ ಸಿಗಲೇ ಇಲ್ಲ.

ಅಷ್ಟರಲ್ಲಿ ಮನೆಯೊಳಗೇ ಒಂದು ಎಚ್ಚರಿಕೆ ಬಂದಿತ್ತು. ತಮ್ಮ ಬ್ರೆಟ್ ಲಿಂಡ್ರೋಸ್ 1994ರ ಡ್ರಾಫ್ಟ್‌ನಲ್ಲಿ ಒಂಬತ್ತನೆಯವರಾಗಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಸೇರಿದ್ದರು. ಪದೇ ಪದೇ ಕನ್ಕಷನ್ ಆಗಿ, 51 ಪಂದ್ಯ ಆಡಿ, 1996ರಲ್ಲಿ ನಿವೃತ್ತರಾದರು. ಆಗ ಬ್ರೆಟ್‌ಗೆ 20 ವರ್ಷ.

ಅಣ್ಣನ ಸರದಿ 1998ರ ಮಾರ್ಚ್‌ನಲ್ಲಿ ಶುರುವಾಯಿತು. ಪಿಟ್ಸ್‌ಬರ್ಗ್‌ನ ಡೇರಿಯಸ್ ಕಾಸ್ಪರೈಟಿಸ್ ಹೊಡೆದ ಚೆಕ್‌ಗೆ ಲಿಂಡ್ರೋಸ್ ನೆಲಕ್ಕೆ ಬಿದ್ದರು. 18 ಪಂದ್ಯ ತಪ್ಪಿಸಿಕೊಂಡು ವಾಪಸ್ ಬಂದರು. ಇಲ್ಲಿ ಒಂದು ವಿಷಯವನ್ನು ಬಲ್ಲವರು ಹೇಳುತ್ತಾರೆ, ನನಗೂ ಸರಿ ಅನ್ನಿಸುತ್ತದೆ. ಹುಡುಗನಾಗಿದ್ದಾಗಿಂದ ಎಲ್ಲರಿಗಿಂತ ದೊಡ್ಡ ಮೈ. ತಲೆ ತಗ್ಗಿಸಿಕೊಂಡು ನಡು ರಿಂಕ್‌ನಲ್ಲಿ ನುಗ್ಗಿದರೂ ಯಾರೂ ಅಡ್ಡ ಬರುವ ಧೈರ್ಯ ಮಾಡುತ್ತಿರಲಿಲ್ಲ. ತಲೆ ಎತ್ತಿಕೊಂಡು ಆಡುವುದನ್ನು ಚಿಕ್ಕ ಮೈಯವರು ಪೆಟ್ಟು ತಿಂದು ಕಲಿಯುತ್ತಾರೆ. ಇವರಿಗೆ ಆ ಪಾಠ ಬೇಕಾಗಿರಲೇ ಇಲ್ಲ.

ಮುಂದಿನ ವರ್ಷ ನ್ಯಾಶ್‌ವಿಲ್‌ನಲ್ಲಿ ನಡೆದದ್ದು ತಲೆಗೆ ಸಂಬಂಧಿಸಿದ್ದಲ್ಲ. ಆದರೆ ಎಲ್ಲವನ್ನೂ ಬಿಚ್ಚಿಟ್ಟದ್ದು ಅದೇ. 1999ರ ಏಪ್ರಿಲ್ 1ರ ಪಂದ್ಯದಲ್ಲಿ ಎದೆಗೆ ಪೆಟ್ಟಾಯಿತು. ರಾತ್ರಿ ಹೋಟೆಲ್ ಕೋಣೆಯಲ್ಲಿ ಜೊತೆಗಿದ್ದ ಕೀತ್ ಜೋನ್ಸ್ ನೋಡಿದಾಗ ಲಿಂಡ್ರೋಸ್ ಬಿಳಿಚಿಕೊಂಡು ಸ್ನಾನದ ತೊಟ್ಟಿಯಲ್ಲಿ ಬಿದ್ದಿದ್ದರು. ಆಸ್ಪತ್ರೆಗೆ ಒಯ್ದರು. ಶ್ವಾಸಕೋಶ ಕುಸಿದಿತ್ತು, ಎದೆಯೊಳಗೆ ರಕ್ತ ತುಂಬಿತ್ತು. ಮಗನನ್ನು ವಿಮಾನ ಹತ್ತಿಸಿ ಫಿಲಡೆಲ್ಫಿಯಾಕ್ಕೆ ಕಳಿಸಲು ತಂಡ ಹೊರಟಿತ್ತು, ಹಾಗೆ ಮಾಡಿದ್ದರೆ ಉಳಿಯುತ್ತಿರಲಿಲ್ಲ ಅಂತ ಕುಟುಂಬ ದೂರಿತು. ತಂಡ ಅದನ್ನು ಒಪ್ಪಲಿಲ್ಲ. ಜನರಲ್ ಮ್ಯಾನೇಜರ್ ಬಾಬಿ ಕ್ಲಾರ್ಕ್ ಮತ್ತು ಲಿಂಡ್ರೋಸ್ ಮನೆಯವರ ನಡುವೆ ಅಲ್ಲಿಂದ ಮುಂದೆ ಮಾತು ಕೂಡಲಿಲ್ಲ.

ಕ್ಲಾರ್ಕ್ ಯಾರು ಅನ್ನೋದೂ ಗೊತ್ತಿರಬೇಕು. ಫ್ಲೈಯರ್ಸ್ 1974, 1975ರಲ್ಲಿ ಕಪ್ ಗೆದ್ದಾಗ ಅವರೇ ಕ್ಯಾಪ್ಟನ್. ಹೊಡೆದಾಟಕ್ಕೆ ಹೆಸರಾದ ತಂಡ ಅದು. ನೋವಿದ್ದರೂ ಆಡಬೇಕು, ಬಾಯಿ ಬಿಡಬಾರದು, ಇದು ಆ ಕಾಲದ ಧರ್ಮ. ಕ್ಲಾರ್ಕ್ ಒಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಇಡೀ ಆಟ ಹಾಗೇ ಯೋಚಿಸುತ್ತಿತ್ತು.

2000ದ ಮಾರ್ಚ್‌ನಲ್ಲಿ ಬಾಸ್ಟನ್ ಎದುರಿನ ಪಂದ್ಯದಲ್ಲಿ ಮತ್ತೆ ಪೆಟ್ಟು. ತಲೆನೋವು ಇಟ್ಟುಕೊಂಡೇ ಲಿಂಡ್ರೋಸ್ ಇನ್ನೂ ಕೆಲವು ಪಂದ್ಯ ಆಡಿದರು. ಹೊರಗಿನ ವೈದ್ಯರೊಬ್ಬರು ನೋಡಿದ ಮೇಲೆ ಅದು ಕನ್ಕಷನ್ ಅಂತ ಖಚಿತವಾಯಿತು. ಲಕ್ಷಣಗಳನ್ನು ಹೇಳಿದ್ದೆ, ತಂಡದ ಸಿಬ್ಬಂದಿ ಗುರುತಿಸಲಿಲ್ಲ ಅಂತ ಲಿಂಡ್ರೋಸ್ ಪತ್ರಕರ್ತರ ಮುಂದೆ ಹೇಳಿದರು. ತಂಡದವರ ವಾದ ಬೇರೆ ಇತ್ತು. ಕೆಲವೇ ದಿನಗಳಲ್ಲಿ ಅವರ ಕ್ಯಾಪ್ಟನ್ ಪಟ್ಟವನ್ನು ಕಿತ್ತುಕೊಂಡರು.

ಈ ಘಟನೆಯನ್ನು ಸ್ವಲ್ಪ ನಿಂತು ನೋಡಬೇಕು. ತಲೆಗೆ ಪೆಟ್ಟಾದವನ ಮಾತನ್ನು ನಂಬುವುದೇ ಕಷ್ಟ. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಪಟ್ಟಿ ಕಟ್ಟುವ ಗಾಯ ಇರುವುದಿಲ್ಲ. ಅವನು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ಅಂಥ ಕಾಯಿಲೆಯಲ್ಲಿ ಬಾಯಿ ಬಿಟ್ಟವನಿಗೆ ಶಿಕ್ಷೆ ಆದರೆ, ಅದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂತಿರುವ ಇನ್ನಿಪ್ಪತ್ತು ಜನ ಏನು ಕಲಿಯುತ್ತಾರೆ? ಆಟಗಾರನನ್ನು ಪರೀಕ್ಷೆ ಮಾಡುವ ವೈದ್ಯರು, ಟ್ರೈನರ್ ಸಂಬಳ ಪಡೆಯುವುದು ತಂಡದಿಂದ. ತಂಡಕ್ಕೆ ಬೇಕಾದದ್ದು ಶನಿವಾರದ ಪಂದ್ಯಕ್ಕೆ ಆಟಗಾರ. ಅವರು ಕೆಟ್ಟವರೇ ಆಗಿರಬೇಕಿಲ್ಲ. ಒಳ್ಳೆಯವರಿದ್ದರೂ ಈ ಏರ್ಪಾಡು ಅವರನ್ನು ಒಂದೇ ಕಡೆಗೆ ತಳ್ಳುತ್ತದೆ.

ಮೇ ತಿಂಗಳಲ್ಲಿ ವಾಪಸಾಗಲು ಅಭ್ಯಾಸ ಮಾಡುವಾಗ ಸಹ ಆಟಗಾರನಿಗೆ ಢಿಕ್ಕಿಯಾಗಿ ಇನ್ನೊಂದು ಕನ್ಕಷನ್. ಅದಾಗಿ ಮೂರು ವಾರಕ್ಕೆ ಡೆವಿಲ್ಸ್ ಎದುರಿನ ಆರನೇ ಪಂದ್ಯಕ್ಕೆ ಇಳಿದರು. ಗೋಲೂ ಹೊಡೆದರು. ಏಳನೇ ಪಂದ್ಯದಲ್ಲಿ ಏನಾಯಿತು ಅಂತ ಮೊದಲೇ ಹೇಳಿದೆ. ಸ್ಟೀವನ್ಸ್ ಏಟಿನ ಬಗ್ಗೆ 25 ವರ್ಷದಿಂದ ಚರ್ಚೆ ನಡೆದಿದೆ. ಆ ಸ್ಥಿತಿಯಲ್ಲಿದ್ದ ತಲೆ ಆ ದಿನ ರಿಂಕ್ ಮೇಲೆ ಯಾಕಿತ್ತು ಅನ್ನುವ ಚರ್ಚೆ ಅದರ ಅರ್ಧದಷ್ಟೂ ನಡೆದಿಲ್ಲ.

ಆಮೇಲಿನ ಲೆಕ್ಕ ನೋಡಿ. ಫ್ಲೈಯರ್ಸ್‌ಗೆ 486 ಪಂದ್ಯ, 659 ಪಾಯಿಂಟ್. ಪಂದ್ಯಕ್ಕೆ ಸುಮಾರು 1.36. ಒಂದು ಇಡೀ ಸೀಸನ್ ಹೊರಗುಳಿದು, 2001ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ ಹೋದರು. ಅಲ್ಲಿ, ನಂತರ ಟೊರಾಂಟೊ, ಡಲ್ಲಾಸ್ ಸೇರಿ 274 ಪಂದ್ಯ, 206 ಪಾಯಿಂಟ್. ಪಂದ್ಯಕ್ಕೆ 0.75. ಹೆಚ್ಚುಕಡಿಮೆ ಅರ್ಧ. ವಯಸ್ಸಾದಂತೆ ಎಲ್ಲರ ಆಟವೂ ಇಳಿಯುತ್ತದೆ, ನಿಜ. ಆದರೆ 28ರಿಂದ 34 ಇಷ್ಟೊಂದು ಇಳಿಯುವ ವಯಸ್ಸಲ್ಲ. ನಡು ರಿಂಕ್‌ಗೆ ನುಗ್ಗಲು ಆಮೇಲೆ ಭಯವಾಗುತ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಅವರ ಆಟವೆಲ್ಲ ಇದ್ದದ್ದೇ ಆ ನುಗ್ಗುವಿಕೆಯಲ್ಲಿ. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ನಲ್ಲಿ ಕೆನಡಾ ಜೊತೆ ಚಿನ್ನ ಗೆದ್ದದ್ದು ಈ ಕಾಲದ ಒಂದು ಸಂತೋಷ. 2007ರ ನವೆಂಬರ್‌ನಲ್ಲಿ ನಿವೃತ್ತಿ ಹೇಳಿದರು. ಅದೇ ದಿನ ತಮ್ಮ ಊರು ಲಂಡನ್ನಿನ ಆಸ್ಪತ್ರೆಗೆ 50 ಲಕ್ಷ ಡಾಲರ್ ಕೊಟ್ಟರು. ಹಾಲ್ ಆಫ್ ಫೇಮ್ ಬಾಗಿಲು ತೆರೆಯಲು 2016ರವರೆಗೆ ಕಾಯಬೇಕಾಯಿತು. ಫ್ಲೈಯರ್ಸ್ ಅವರ 88ನೇ ನಂಬರ್ ಅನ್ನು ಇನ್ಯಾರಿಗೂ ಕೊಡುವುದಿಲ್ಲ ಅಂತ 2018ರ ಜನವರಿಯಲ್ಲಿ ಚಾವಣಿಗೆ ಏರಿಸಿತು.

ಈಗ ಕ್ರಿಸ್ ಸೈಮನ್. ಲಿಂಡ್ರೋಸ್‌ಗೆ ಬದಲಾಗಿ ಕ್ವಿಬೆಕ್‌ಗೆ ಹೋದ ಆ ಯುವಕ. ಕ್ವಿಬೆಕ್ ತಂಡ ಕೊಲೊರಾಡೊಗೆ ಸ್ಥಳಾಂತರವಾಗಿ 1996ರಲ್ಲಿ ಕಪ್ ಗೆದ್ದಾಗ ಸೈಮನ್ ಆ ತಂಡದಲ್ಲಿದ್ದರು. 782 ಪಂದ್ಯ ಆಡಿದರು, 1,824 ನಿಮಿಷ ಪೆನಾಲ್ಟಿಯಲ್ಲಿ ಕಳೆದರು. ತಂಡದ ಒಳ್ಳೆಯ ಆಟಗಾರರ ಮೈ ಮುಟ್ಟದ ಹಾಗೆ ಕಾಯುವುದು, ಬೇಕಾದಾಗ ಮುಷ್ಟಿ ಎತ್ತುವುದು ಅವರ ಕೆಲಸ. 2024ರ ಮಾರ್ಚ್‌ನಲ್ಲಿ 52ನೇ ವಯಸ್ಸಿಗೆ ತಾವೇ ಜೀವ ಕಳೆದುಕೊಂಡರು. ಇದಕ್ಕೆ ಸಿಟಿಇ ಕಾರಣ ಅಂತ ಕುಟುಂಬ ಆಗಲೇ ಹೇಳಿತು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಮೆದುಳನ್ನು ಪರೀಕ್ಷಿಸಿದಾಗ ಮೂರನೇ ಹಂತದ ಸಿಟಿಇ ಇದ್ದದ್ದು ಖಚಿತವಾಯಿತು.

ಸಿಟಿಇ ಅಂದರೆ ತಲೆಗೆ ವರ್ಷಗಟ್ಟಲೆ ಪೆಟ್ಟು ಬೀಳುವುದರಿಂದ ಮೆದುಳು ನಿಧಾನವಾಗಿ ಸವೆಯುವ ಕಾಯಿಲೆ. ಟೌ ಅನ್ನುವ ಪ್ರೋಟೀನ್ ಕೆಟ್ಟು ಗಂಟು ಕಟ್ಟುತ್ತದೆ. ಮರೆವು, ಸಿಟ್ಟು, ಖಿನ್ನತೆ ಒಂದೊಂದಾಗಿ ಬರುತ್ತವೆ. ಸತ್ತ ಮೇಲೆ ಮೆದುಳನ್ನು ಕತ್ತರಿಸಿ ನೋಡಿದರೆ ಮಾತ್ರ ಖಚಿತವಾಗಿ ಹೇಳಬಹುದು. ಹೆಲ್ಮೆಟ್ ಬುರುಡೆ ಒಡೆಯದ ಹಾಗೆ ಕಾಯುತ್ತದೆ. ಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ತೇಲುವ ಮೆದುಳು ಅಲುಗಾಡಿ ತಿರುಚಿಕೊಳ್ಳುವುದನ್ನು ಅದು ತಡೆಯಲಾರದು. ಸದಾ ಹೊಡೆದಾಡಿದ ಬಾಬ್ ಪ್ರೋಬರ್ಟ್, 28ಕ್ಕೇ ತೀರಿಕೊಂಡ ಡೆರೆಕ್ ಬೂಗಾರ್ಡ್ ಇಬ್ಬರಲ್ಲೂ ಇದು ಸಿಕ್ಕಿತು. ಹೊಡೆದಾಟದವರಿಗೆ ಮಾತ್ರ ಬರುತ್ತದೆ ಅಂತ ಕೆಲವರು ಸಮಾಧಾನ ಮಾಡಿಕೊಂಡರು. ಆಮೇಲೆ ಸ್ಟ್ಯಾನ್ ಮಿಕಿಟಾ, ಹೆನ್ರಿ ರಿಚರ್ಡ್ ಅವರಲ್ಲೂ ಸಿಕ್ಕಿತು. ಇವರಿಬ್ಬರು ಹೆಸರು ಮಾಡಿದ್ದು ಮುಷ್ಟಿಯಿಂದಲ್ಲ, ಆಟದ ಚಂದದಿಂದ.

ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2024ರ ಕೊನೆಯಲ್ಲಿ 77 ಮೃತ ಹಾಕಿ ಆಟಗಾರರ ಮೆದುಳಿನ ಅಧ್ಯಯನ ಪ್ರಕಟಿಸಿದರು. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಸಿಟಿಇ ಇತ್ತು. ಆಡಿದ ಒಂದೊಂದು ಹೆಚ್ಚಿನ ವರ್ಷಕ್ಕೂ ಅದರ ಸಂಭವ ಸುಮಾರು 34% ಏರುತ್ತದೆ ಅಂತ ಲೆಕ್ಕ ಹಾಕಿದರು. ಈ ಅಂಕಿಯನ್ನು ಹುಷಾರಾಗಿ ಓದಬೇಕು. ಮೆದುಳು ದಾನ ಮಾಡುವವರು ಬಹುತೇಕ ಆಗಲೇ ಕಷ್ಟ ಕಂಡ ಮನೆಯವರು. ಹಾಗಾಗಿ ಆಡಿದವರಲ್ಲಿ ಅರ್ಧ ಜನಕ್ಕೆ ಈ ಕಾಯಿಲೆ ಇದೆ ಅಂತ ಅರ್ಥವಲ್ಲ. ಆದರೆ ವರ್ಷ ಹೆಚ್ಚಾದಷ್ಟೂ ಅಪಾಯ ಹೆಚ್ಚುವ ಏರಿಕೆಯನ್ನು ದಾನದ ಪಕ್ಷಪಾತ ಒಂದರಿಂದಲೇ ವಿವರಿಸುವುದು ಕಷ್ಟ.

ಲೀಗ್ ಮಾತ್ರ ತನ್ನ ನಿಲುವಿಂದ ಅಲುಗಾಡಿಲ್ಲ. ಆಟಕ್ಕೂ ಸಿಟಿಇಗೂ ಸಂಬಂಧ ಸಾಬೀತಾಗಿಲ್ಲ ಅನ್ನುವುದು ಕಮಿಷನರ್ ಗ್ಯಾರಿ ಬೆಟ್‌ಮನ್ ವರ್ಷಗಳಿಂದ ಹೇಳುತ್ತಿರುವ ಮಾತು. ನಿವೃತ್ತ ಆಟಗಾರರು ಹೂಡಿದ ಮೊಕದ್ದಮೆ 2018ರ ನವೆಂಬರ್‌ನಲ್ಲಿ 1.89 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಮುನ್ನೂರಕ್ಕೂ ಜಾಸ್ತಿ ಜನ, ಒಬ್ಬೊಬ್ಬರಿಗೆ 22,000 ಡಾಲರ್. ತಪ್ಪು ಒಪ್ಪಿಕೊಳ್ಳುವ ಮಾತಿರಲಿಲ್ಲ. ಅಮೆರಿಕನ್ ಫುಟ್‌ಬಾಲ್ ಲೀಗ್ ಇಂಥದ್ದೇ ಮೊಕದ್ದಮೆಗೆ ಒಪ್ಪಿದ ಮೊತ್ತ ಸುಮಾರು ನೂರು ಕೋಟಿ ಡಾಲರ್. ನನಗೆ ಲೀಗ್‌ನ ಈ ಹಟ ನೋವು ತರುತ್ತದೆ. ವಿಜ್ಞಾನಕ್ಕೆ ಇನ್ನೂ ಉತ್ತರ ಸಿಗದ ಪ್ರಶ್ನೆಗಳಿವೆ, ಒಪ್ಪೋಣ. ಆದರೆ ಅನುಮಾನದ ಲಾಭ ಆಟಗಾರನ ತಲೆಗೆ ಸಿಗಬೇಕಿತ್ತು, ಲೀಗ್‌ನ ವಕೀಲರಿಗಲ್ಲ.

ಏನೂ ಬದಲಾಗಿಲ್ಲ ಅಂದರೆ ಅನ್ಯಾಯವಾಗುತ್ತದೆ. ಬಾಸ್ಟನ್‌ನ ಮಾರ್ಕ್ ಸವಾರ್ಡ್ ತಲೆಗೆ 2010ರಲ್ಲಿ ಬಿದ್ದ ಏಟಿಗೂ ಪೆನಾಲ್ಟಿ ಇರಲಿಲ್ಲ. ಆ ಗಲಾಟೆಯ ನಂತರ 48ನೇ ನಿಯಮ ಬಂತು. ತಲೆಯನ್ನೇ ಗುರಿಯಾಗಿಟ್ಟ ಚೆಕ್ ಈಗ ತಪ್ಪು. 2016ರಿಂದ ನ್ಯೂಯಾರ್ಕ್‌ನಲ್ಲಿ ಕೂತು ಪಂದ್ಯ ನೋಡುವ ಲೀಗ್‌ನ ವೀಕ್ಷಕರು ಅನುಮಾನ ಬಂದ ಆಟಗಾರನನ್ನು ಹೊರಗೆ ಕರೆಸಬಹುದು. ಆ ವರ್ಷವೇ ಎಡ್ಮಂಟನ್‌ನ ಕಾನರ್ ಮೆಕ್‌ಡೇವಿಡ್ ಅವರನ್ನು ಹೀಗೆ ಎಬ್ಬಿಸಿ ಕರೆದಾಗ ಅವರಿಗೆ ಸಿಟ್ಟು ಬಂತು. ಬರಲಿ. ಲಿಂಡ್ರೋಸ್ ಕಾಲದಲ್ಲಿ ಇಲ್ಲದೇ ಇದ್ದದ್ದು ಇದೇ. ಗೆಲುವು ಸೋಲಿನಲ್ಲಿ ಪಾಲಿಲ್ಲದ ಒಬ್ಬರು.

ಕ್ರಿಕೆಟ್ ನೋಡುವ ನಮಗೆ ಇದು ಹೊಸದಲ್ಲ. 2019ರಲ್ಲಿ ಲಾರ್ಡ್ಸ್‌ನಲ್ಲಿ ಆರ್ಚರ್ ಬೌನ್ಸರ್ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಿತ್ತು. ಪರೀಕ್ಷೆ ಮಾಡಿ ಅದೇ ದಿನ ಮತ್ತೆ ಬ್ಯಾಟಿಂಗ್‌ಗೆ ಬಿಟ್ಟರು. ಮಾರನೇ ದಿನ ಲಕ್ಷಣ ಕಾಣಿಸಿತು, ಲಬುಶೇನ್ ಬದಲಿಯಾಗಿ ಬಂದರು. ಒಳ್ಳೆಯ ವೈದ್ಯರು ಹತ್ತಿರವಿದ್ದರೂ ತಲೆಯ ಪೆಟ್ಟು ತಡವಾಗಿ ಮುಖ ತೋರಿಸುತ್ತದೆ.

ಲಿಂಡ್ರೋಸ್ ನಿವೃತ್ತಿಯ ನಂತರ ಈ ಕೆಲಸವನ್ನೇ ಹಿಡಿದರು. 2017ರಲ್ಲಿ ಪ್ರತಿ ತಂಡವೂ ಹತ್ತು ಲಕ್ಷ ಡಾಲರ್ ಸಂಶೋಧನೆಗೆ ಕೊಡಲಿ ಅಂತ ಕೇಳಿದರು. ಮೈಗೆ ಮೈ ಗುದ್ದುವುದನ್ನೇ ತೆಗೆದುಹಾಕುವ ಮಾತನ್ನೂ ಆಡಿದರು. ಗುದ್ದಿ ಹೆಸರು ಮಾಡಿದವರ ಬಾಯಲ್ಲಿ ಈ ಮಾತು ಬಂದಿದ್ದು ದೊಡ್ಡದು.

ಅವರ ದುಡಿಮೆ ಹೆಚ್ಚು ಫಲ ಕೊಟ್ಟದ್ದು ಲೀಗ್‌ನಲ್ಲಲ್ಲ, ಶಾಲೆಯ ಮೈದಾನದಲ್ಲಿ. 2013ರಲ್ಲಿ ಒಟ್ಟಾವಾದ 17 ವರ್ಷದ ರೋವನ್ ಸ್ಟ್ರಿಂಗರ್ ರಗ್ಬಿ ಆಡುವಾಗ ಕೆಲವೇ ದಿನಗಳ ಅಂತರದಲ್ಲಿ ಪದೇ ಪದೇ ತಲೆಗೆ ಪೆಟ್ಟು ತಿಂದು ತೀರಿಕೊಂಡಳು. ತನಗೆ ಕನ್ಕಷನ್ ಆಗಿರಬಹುದು ಅಂತ ಅವಳಿಗೆ ಅನುಮಾನವಿತ್ತು. ಇಂಟರ್ನೆಟ್‌ನಲ್ಲಿ ಹುಡುಕಿದ್ದಳು, ಗೆಳತಿಯರಿಗೆ ಮೆಸೇಜ್ ಮಾಡಿದ್ದಳು. ದೊಡ್ಡವರಿಗೆ ಹೇಳಿರಲಿಲ್ಲ. ಅವಳ ಸಾವಿನ ವಿಚಾರಣೆಯಿಂದ 49 ಶಿಫಾರಸುಗಳು ಬಂದವು. ಅವನ್ನು ಕಾನೂನು ಮಾಡಲು ಕೂತ ಸಮಿತಿಯಲ್ಲಿ ಲಿಂಡ್ರೋಸ್ ಒಬ್ಬರು. 2018ರಲ್ಲಿ ಒಂಟಾರಿಯೋ ಶಾಸನಸಭೆ ರೋವನ್ ಹೆಸರಿನ ಕಾಯ್ದೆಯನ್ನು ಒಪ್ಪಿತು. ಕನ್ಕಷನ್ ಅನುಮಾನ ಬಂದರೆ ಆಟಗಾರರನ್ನು ತಕ್ಷಣ ಹೊರಗೆ ತರಬೇಕು. ವೈದ್ಯರು ಒಪ್ಪುವವರೆಗೆ ಪೂರ್ತಿ ಅಭ್ಯಾಸಕ್ಕಾಗಲೀ ಪಂದ್ಯಕ್ಕಾಗಲೀ ಬಿಡುವ ಹಾಗಿಲ್ಲ. ಕೋಚ್ ಇಷ್ಟಪಟ್ಟರೂ ಸರಿ, ಮಗು ಅತ್ತರೂ ಸರಿ.

ಟೊರಾಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆಯ ಕನ್ನಡ ಮನೆಗಳಿಗೂ ಈ ಕಾಯ್ದೆ ಬರುತ್ತದೆ. ಮಗುವನ್ನು ಹಾಕಿ ತಂಡಕ್ಕೆ ಸೇರಿಸುವಾಗ ಕನ್ಕಷನ್ ಬಗ್ಗೆ ಒಂದು ಮಾಹಿತಿ ಪತ್ರ ಓದಿ ಒಪ್ಪಿಗೆ ಕೊಡಬೇಕು. 18 ದಾಟದ ಮಕ್ಕಳಾದರೆ ಅಪ್ಪ ಅಮ್ಮನೂ ಓದಬೇಕು. ಚಳಿಯಲ್ಲಿ, ಬೆಳಗ್ಗೆ ಆರಕ್ಕೆ, ರಿಂಕ್ ಬಾಗಿಲಲ್ಲಿ ಅದಕ್ಕೆ ಸುಮ್ನೆ ಸಹಿ ಹಾಕಿಬಿಡುವುದು ಸುಲಭ. ದಯವಿಟ್ಟು ಮನೆಗೆ ತಗೊಂಡು ಹೋಗಿ, ಮಗುವಿನ ಪಕ್ಕ ಕೂತು, ಕನ್ನಡದಲ್ಲಿ ಓದಿ ಹೇಳಿ. ತಲೆ ಸುತ್ತಿದರೆ, ಬೆಳಕು ಚುಚ್ಚಿದರೆ, ಹೊಟ್ಟೆ ತೊಳಸಿದರೆ ಆಡುವುದು ನಿಲ್ಲಿಸಿ ಬಂದು ಹೇಳು, ಬೈಯಲ್ಲ ಅಂತ.